ಐಲ್ಸಾಳ ನಲವತ್ತು ಹೆಂಚು

ಗೋಲ್ಬರ್ನ್ ಊರಲ್ಲಿ ರೈಲು ಹಳಿಯ ಆಚೆಗೆ ಕ್ಲೆಮ್ ವಾರ್ಡ್ರಪ್‌ನ ಹಳೇ ಹೆಂಚಿನ ಅಂಗಳವಿದೆ. ಕೆಡವುವ ಮನೆ, ಅಂಗಡಿ, ಗೋದಾಮುಗಳ ಮಾಡಿನಿಂದ ಹೆಂಚು ಇಳಿಸಿ ತರುವುದು, ಪಾಚಿ ಉಜ್ಜುವುದು, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು ನಮ್ಮ ಕಸುಬು. ಠಣ್ ಎಂದರೆ ಹೆಂಚು ಗಟ್ಟಿ, ಸಾಲಿಗೆ ಸೇರಿತು. ಸದ್ದು ಮಂದವಾಗಿ ಬಂದರೆ ಒಳಗೆ ಬಿರುಕಿದೆ. ಅದನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದರೆ ಯಾರದೋ ತೋಟಕ್ಕೆ ಕೆಂಪು ಹಾದಿಯಾಗುತ್ತದೆ. ನಾನು ಕ್ಲೆಮ್‌ನ ಲಾರಿ ಓಡಿಸಲು ಸೇರಿ ಹನ್ನೊಂದು ವರ್ಷ.

ಕ್ಲೆಮ್‌ಗೆ ಅರವತ್ತಮೂರು. ಮದುವೆಯಾಗಲಿಲ್ಲ. ವಾಸ ಅಂಗಳದ ಮೂಲೆಯ ಒಂದೇ ಕೋಣೆಯಲ್ಲಿ. ಒಡೆದ ಹೆಂಚು ಹಿಡಿದು ಬಂದವರನ್ನು ಅವನು ಬೇಗ ಬಿಡುತ್ತಿರಲಿಲ್ಲ. ಮನೆ ಯಾವ ಬೀದಿ, ಯಾರು ಕಟ್ಟಿಸಿದ್ದು ಎಂದೆಲ್ಲ ಕೇಳುತ್ತಿದ್ದ. ಅವರು ಗಡಿಯಾರ ನೋಡಿಕೊಂಡು, ಹೆಂಚು ಏರಿಸಿಕೊಂಡು ಹೊರಟುಬಿಡುತ್ತಿದ್ದರು. ಜೀವಮಾನದಲ್ಲಿ ಒಮ್ಮೆ ಕೊಳ್ಳುವ ಸರಕು ಇದು. ಮತ್ತೆ ಯಾರು ಬರುತ್ತಾರೆ?

ಆ ಡಿಸೆಂಬರಿನಲ್ಲಿ ಕ್ರಿಕೆಟ್ ಚೆಂಡಿನ ಗಾತ್ರದ ಆಲಿಕಲ್ಲು ಬಿದ್ದು ಅರ್ಧ ಊರಿನ ಮಾಡು ಒಡೆಯಿತು. ಆಮೇಲೆ ಬಂದವರಲ್ಲಿ ಐಲ್ಸಾ ಪೆಟ್ರಿ ಒಬ್ಬಳು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದು ನಿವೃತ್ತಳಾದ ಹೆಂಗಸು. ಅವಳು ತಂದ ಹೆಂಚು ಕಡುಕಂದು, ಬೆನ್ನಿನ ಮೇಲೆ ಮೂರೆಲೆಯ ಅಚ್ಚು.

"ಇಂಥವು ನಲವತ್ತು ಬೇಕಿತ್ತು," ಎಂದಳು.

ಕ್ಲೆಮ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಸಿಗೋದು ಕಷ್ಟ ಕಣ್ರೀ. ಹುಡುಕ್ತೀನಿ. ಮುಂದಿನ ಗುರುವಾರ ಬಂದು ಕೇಳಿ."

"ಕೂರೋಕೆ ಜಾಗ ಇದೆಯಾ? ಕಾಲು ನೋಯ್ತಿದೆ."

ಕ್ಲೆಮ್ ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿ ಕೊಟ್ಟ, ಟೀ ಮಾಡಿದ. ಅವಳು ಎರಡು ಗಂಟೆ ಕೂತಳು. ಗಡಿಯಾರ ನೋಡಲಿಲ್ಲ.

ಅಂದಿನಿಂದ ಗುರುವಾರ ತಪ್ಪದೆ ಬಂದಳು, ಖರ್ಜೂರದ ಕೇಕ್ ಕಟ್ಟಿಕೊಂಡು. "ಸಿಕ್ತಾ?" ಎನ್ನುತ್ತಿದ್ದಳು. "ಇನ್ನೂ ಇಲ್ಲ," ಎನ್ನುತ್ತಿದ್ದ ಇವನು. ಆಮೇಲೆ ಹಳೇ ರೈಲುಗಳ ಮಾತು, ನಗು. ಕ್ಲೆಮ್ ಗುರುವಾರ ಕ್ಷೌರ ಮಾಡಿಕೊಳ್ಳತೊಡಗಿದ.

"ಏನಪ್ಪಾ, ಮದುಮಗ ಆಗ್ತಿದ್ದೀಯಾ?" ಎಂದು ರೇಗಿಸಿದೆ.

"ಬಾಯ್ಮುಚ್ಕೊಂಡು ಲಾರಿ ತೊಳಿ ಹೋಗು, ನೆವ್," ಎಂದ. ಕಿವಿ ಕೆಂಪಾಗಿತ್ತು.

ಮಾರ್ಚ್‌ನಲ್ಲಿ ಒಂದು ಬೇಕರಿಯ ಮಾಡು ಇಳಿಸಿ ತಂದೆವು. ಜಾಗ ಮಾಡಲೆಂದು ನಾನು ತಗಡಿನ ಶೆಡ್ಡಿನ ಹಿಂದೆ ಹೋಗಿ ಗೋಣಿಯೊಂದನ್ನು ಎಳೆದೆ. ಕೆಳಗೆ ಕಡುಕಂದು ಹೆಂಚುಗಳು, ಬೆನ್ನಿಗೆ ಮೂರೆಲೆ. ಎಲ್ಲವನ್ನೂ ಉಜ್ಜಿ ತೊಳೆದು, ಹತ್ತು ಹತ್ತರಂತೆ ಹುರಿಯಿಂದ ಕಟ್ಟಿಟ್ಟಿತ್ತು. ನಾಲ್ಕು ಕಟ್ಟು.

ಹಿಂದೆ ಕ್ಲೆಮ್ ಬಂದು ನಿಂತಿದ್ದ.

"ಯಾವಾಗಿಂದ ಇವೆ?" ಎಂದೆ.

"ಮೊದಲಿಂದಾನೂ."

"ನಿಂಗೇನು ತಲೆ ಕೆಟ್ಟಿದೆಯಾ ಮಾರಾಯ? ಆಕೆ ಮೂರು ತಿಂಗಳಿಂದ ಒಡೆದ ಮಾಡಿಗೆ ಟಾರ್ಪಾಲು ಹೊದಿಸಿ ಮಲಗ್ತಿದಾಳೆ!"

"ಮೊದಲ ದಿನ ಸಂಜೇನೇ ತೊಳೆದಿಟ್ಟೆ. ಮುಂದಿನ ಗುರುವಾರ ಕೊಡೋಣ ಅಂತ." ಅವನು ನೆಲ ನೋಡಿದ. "ಕೊಟ್ರೆ ಮತ್ಯಾಕೆ ಬರ್ತಾಳೆ, ಹೇಳು?"

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಈ ಗುರುವಾರ ಹೇಳ್ತೀನಿ. ಖಂಡಿತ."

ನಾನು ಗೋಣಿಯನ್ನು ಮತ್ತೆ ಹೊದಿಸಿದೆ. ಅದು ನನ್ನ ತಪ್ಪು.

ಮಂಗಳವಾರ ದಕ್ಷಿಣದ ಗಾಳಿ ಎದ್ದು, ಮಳೆ ಬಿಡದೆ ಹೊಡೆಯಿತು. ಮರುದಿನ ಬೆಳಿಗ್ಗೆ ಫೋನು ಬಂತು. ಐಲ್ಸಾಳ ದನಿ ನನಗೂ ಕೇಳಿಸುತ್ತಿತ್ತು. ಗಾಳಿಗೆ ಟಾರ್ಪಾಲು ಹಾರಿ, ಮಲಗುವ ಕೋಣೆಯ ಒಳಚಾವಣಿ ನೆನೆದು ಹಾಸಿಗೆಯ ಮೇಲೆಯೇ ಕುಸಿದಿತ್ತು. ಪುಣ್ಯಕ್ಕೆ ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿದ್ದಳು.

"ಸಾಕು ಕ್ಲೆಮ್, ಇನ್ನು ಹುಡುಕಬೇಡಿ. ಪಾಪ, ನನಗೋಸ್ಕರ ಎಷ್ಟು ಅಲೆದ್ರಿ. ಇರೋ ಹೆಂಚೆಲ್ಲ ತೆಗೆಸಿ ತಗಡು ಹಾಕಿಸಿಬಿಡ್ತೀನಿ."

ಕ್ಲೆಮ್ ಫೋನು ಕೆಳಗಿಟ್ಟು ಶೆಡ್ಡಿನ ಹಿಂದೆ ಹೋದ. ನಾಲ್ಕೂ ಕಟ್ಟುಗಳನ್ನು ತಾನೇ ಹೊತ್ತು ಲಾರಿಗೆ ಹಾಕಿದ. ನನ್ನನ್ನು ಮುಟ್ಟಗೊಡಲಿಲ್ಲ.

ಐಲ್ಸಾಳ ಮನೆಗೆ ಹೋದಾಗ ಅವಳೇ ಬಾಗಿಲು ತೆರೆದಳು. ಕೂದಲಲ್ಲಿ ಸುಣ್ಣದ ಪುಡಿ. ಹೆಂಚು ಕಂಡದ್ದೇ ಮುಖ ಅರಳಿತು. "ಅಯ್ಯೋ, ಕೊನೆಗೂ ಸಿಕ್ಕಿದ್ವಾ! ಎಲ್ಲಿ?"

"ನನ್ನ ಹತ್ರಾನೇ ಇದ್ವು, ಐಲ್ಸಾ. ಮೊದಲ ದಿನದಿಂದ. ನೀವು ಬರೋದು ನಿಲ್ಲಿಸ್ತೀರಿ ಅಂತ ಹೇಳ್ಲಿಲ್ಲ."

ಅವಳು ಅವನನ್ನು ನೋಡಿದಳು. ನನ್ನನ್ನೂ ನೋಡಿದಳು. ನಾನು ತಲೆ ತಗ್ಗಿಸಿದೆ.

"ಏಣಿ ಹಿತ್ತಲಲ್ಲಿದೆ," ಎಂದು ಒಳಗೆ ಹೋದಳು.

ಸಂಜೆಯವರೆಗೆ ಮಾಡಿನ ಮೇಲಿದ್ದೆವು. ಒಡೆದವನ್ನು ಕಿತ್ತು, ಹೆಂಚಿನಡಿಯ ಕೊಳೆತ ಮರದ ರೀಪು ಬದಲಿಸಿ, ಕ್ಲೆಮ್ ಒಂದೊಂದೇ ಹೆಂಚು ಕೂರಿಸಿದ. ಕೆಲಸ ಮುಗಿದಾಗ ಹೊಸತು ಯಾವುದು, ಹಳತು ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಕೆಳಗೆ ಐಲ್ಸಾ ನೆನೆದ ಹಾಸಿಗೆಯನ್ನು ಒಬ್ಬಳೇ ಅಂಗಳಕ್ಕೆ ಎಳೆಯುತ್ತಿದ್ದಳು. ಕ್ಲೆಮ್ ಇಳಿಯಲು ಹೋದ. "ಬೇಡ," ಎಂದಳು.

ಹೊರಡುವಾಗ ಗೇಟಿನವರೆಗೆ ಬಂದಳು.

"ಸುಮ್ನೆ ಟೀಗೆ ಬನ್ನಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು, ಕ್ಲೆಮ್. ಗುರುವಾರ ನಂಗೂ ಬೇರೇನೂ ಕೆಲಸ ಇರ್ಲಿಲ್ಲ."

"ಈಗ ಕರೆದ್ರೆ?"

"ಈಗ ಬರಲ್ಲ." ಗೇಟು ಹಾಕಿಕೊಂಡಳು, ಮೆಲ್ಲಗೆ.

ಅವಳು ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ.

ಟೀಗೆ ಕರೆದಿದ್ದರೆ ಸಾಕಿತ್ತು ಎಂಬ ಅವಳ ಮಾತು ನನ್ನನ್ನೂ ಬಿಡಲಿಲ್ಲ. ಹನ್ನೊಂದು ವರ್ಷ ಅವನ ಪಕ್ಕ ಲಾರಿಯಲ್ಲಿ ಕೂತಿದ್ದೇನೆ. ಒಂದು ದಿನವೂ ಮನೆಗೆ ಕರೆದಿರಲಿಲ್ಲ. ಜೂನ್ ತಿಂಗಳ ಒಂದು ಭಾನುವಾರ ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನನ್ನ ಹೆಂಡತಿ ಕುರಿಮಾಂಸ, ಆಲೂಗಡ್ಡೆ ಬೇಯಿಸಿದ್ದಳು. ಎರಡು ಸಲ ಬಡಿಸಿಕೊಂಡು ತಿಂದ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ.

"ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ," ಎಂದಳು ಅವಳು.

"ಇಲ್ಲಮ್ಮ, ಬೇಕರಿ ಹೆಂಚು ಉಜ್ಜೋದಿದೆ," ಎಂದು ಎದ್ದ. ಅವನ್ನು ಉಜ್ಜಿ ಮುಗಿಸಿ ಎಷ್ಟೋ ದಿನವಾಗಿತ್ತು.

ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದೆ. ಬೀದಿಯಲ್ಲಿ ಅವನ ವಾಹನ ಇನ್ನೂ ನಿಂತಿತ್ತು. ಕ್ಲೆಮ್ ಒಳಗೆ ಕೂತು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದ. ಹೊರಗೆ ಹೋಗಿ ಕರೆಯೋಣವೆಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ವಾಹನ ಹೊರಟಿತು.