ಸತ್ತವನ ಅಂಗಿ ತೊಟ್ಟ ಒಡೆಯ

"ಗುದ್ದಲಿ ಹಿಡಿಯೋದು ಹಂಗಲ್ಲ ಕಣೋ ಮೈಗಳ್ಳ ಬಡ್ಡೀಮಗನೆ. ಮಣ್ಣು ಅಗೀತಿದ್ದೀಯೋ, ಇಲ್ಲಾ ಮದುವೆ ಮನೇಲಿ ಪಾಯಸ ಬಡಿಸ್ತಿದ್ದೀಯೋ?"

ಕಂದಕದ ದಂಡೆಯ ಮೇಲೆ ನಿಂತು ಗುನಿಲ್ಡಾ ಬೈಯುತ್ತಿದ್ದಳು. ಕೆಳಗೆ ಕೆಸರಲ್ಲಿ ಬೈಸಿಕೊಳ್ಳುತ್ತಿದ್ದವನು ಆ ಊರಿನ ಒಡೆಯ, ಸರ್ ವಾರಿನ್. ಮೈಮೇಲಿದ್ದದ್ದು ಅವಳ ಸತ್ತ ಗಂಡನ ಅಂಗಿ. ಶತ್ರು ಪಡೆಯ ಕಾವಲುಗಾರ ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದರಿಂದ ಒಡೆಯ ತುಟಿಪಿಟಕ್ಕೆನ್ನುವಂತಿರಲಿಲ್ಲ. ಗುನಿಲ್ಡಾ ಬೈಯುತ್ತಿದ್ದದ್ದು ಅವನ ಜೀವ ಉಳಿಸಲಿಕ್ಕೆ, ಅದೇನೋ ನಿಜ. ಬೈಯುವಾಗ ಅವಳಿಗೆ ಖುಷಿಯಾಗುತ್ತಿರಲಿಲ್ಲ ಎಂದರೆ ಮಾತ್ರ ಹಸಿ ಸುಳ್ಳು.

ಆಗ ರಾಜನಿಗೂ ಪಾಳೇಗಾರರಿಗೂ ಯುದ್ಧ. ಸರ್ ವಾರಿನ್ ಬಿತ್ತನೆಗೆ ರಾಜನ ಕಡೆ, ಸುಗ್ಗಿಗೆ ಪಾಳೇಗಾರರ ಕಡೆ, ಚಳಿ ಬೀಳುವಷ್ಟರಲ್ಲಿ ಮತ್ತೆ ರಾಜನ ಕಡೆ. ಅವನು ಯಾವ ಕಡೆ ಹಾರಿದರೂ ಕೋಟೆಯ ಕಂದಕ ಒಂದು ಮೊಳ ಆಳವಾಗಬೇಕಿತ್ತು. ಅಗೆಯುವವರು ಜೀತದವರು. ಹಾಗೆ ಅಗೆಯುವಾಗಲೇ ದಂಡೆ ಕುಸಿದು ಗುನಿಲ್ಡಾಳ ಗಂಡ ಥರ್ಸ್ಟನ್ ಮಣ್ಣುಪಾಲಾದ. ಹೆಣ ತೆಗೆಯಲು ಪುರುಸೊತ್ತೆಲ್ಲಿದೆ, ಅದರ ಮೇಲೇ ಗೋಡೆ ಏಳಲಿ ಎಂದ ಒಡೆಯ.

ಮಾರನೆಯ ದಿನವೇ ಪಾರುಪತ್ಯಗಾರ ಒಸ್ಬರ್ಟ್ ಹಗ್ಗ ಹಿಡಿದು ಬಂದ. ಜೀತದವನು ಸತ್ತರೆ ಅವನ ಕೊಟ್ಟಿಗೆಯ ಒಳ್ಳೆಯ ದನ ಒಡೆಯನಿಗೆ ಸೇರಬೇಕು. ಅದಕ್ಕೆ ಸಾವಿನ ಕಾಣಿಕೆ ಎನ್ನುತ್ತಾರೆ. ಗುನಿಲ್ಡಾಳಿಗಿದ್ದದ್ದು ಒಂದೇ ಹಸು. ಒಳ್ಳೆಯದೂ ಅದೇ, ಕೆಟ್ಟದ್ದೂ ಅದೇ. ಮೂರು ಮಕ್ಕಳು ಅದರ ಹಾಲಲ್ಲೇ ಜೀವ ಹಿಡಿದಿದ್ದವು. "ಕ್ರಿಸ್‌ಮಸ್‌ವರೆಗಾದ್ರೂ ತಡೀರಿ ಬುದ್ಧಿ" ಎಂದು ಒಸ್ಬರ್ಟನ ಕಾಲು ಹಿಡಿದು ಗಡುವು ಪಡೆದಳು.

ಹಬ್ಬಕ್ಕೆ ಮೊದಲೇ ಪಾಳೇಗಾರರ ಪಡೆ ಬಂದು ಕೋಟೆ ಹಿಡಿಯಿತು. ಸರ್ ವಾರಿನ್ ಓಡಿಬಂದು ಅಡಗಿದ್ದು ಅವಳ ಕೊಟ್ಟಿಗೆಯಲ್ಲೇ, ಅದೇ ಹಸುವಿನ ಹಿಂದೆ, ಸಗಣಿಯಲ್ಲಿ.

"ಕಾಪಾಡು ತಾಯಿ. ಹಸು ನಿನ್ನದೇ. ಶಿಲುಬೆಯಾಣೆ."

"ಈಗ ತಾಯಿ ಆದ್ನಾ? ಮೊದ್ಲು ಆ ರೇಸ್ಮೆ ಅಂಗಿ ಬಿಚ್ಚಿ ಬುದ್ಧಿ. ಅದನ್ ನೋಡುದ್ರೆ ಕುರುಡನೂ ನಿಮ್ಮನ್ನ ನೇಣಿಗಾಕ್ತಾನೆ."

ತಪ್ಪಿಸಿಕೊಂಡ ಒಡೆಯನನ್ನು ಹುಡುಕಲು ಶತ್ರುನಾಯಕ ಚಾವಡಿಯಲ್ಲಿ ಊರವರನ್ನು ಸೇರಿಸಿದ. ಹನ್ನೆರಡು ಜನ ಹಿರಿಯರು ದೇವರ ಪುಸ್ತಕ ಮುಟ್ಟಿ ಹೇಳಿದ್ದೇ ಅಲ್ಲಿಯ ಕಾನೂನು. ನಾಯಕ ಸರ್ ವಾರಿನ್ನನ ಅಂಗೈ ತಿರುವಿ ನೋಡಿ, "ಇದೇನು, ಬೆಣ್ಣೆ ಇದ್ದಂಗದೆ?" ಎಂದ.

"ನನ್ ಗಂಡ ಥರ್ಸ್ಟನ್ ಸ್ವಾಮಿ," ಎಂದಳು ಗುನಿಲ್ಡಾ. "ಹುಟ್ಟಾ ಸೋಮಾರಿ. ನನ್ ಅಂಗೈ ನೋಡಿ, ಕೆಲಸ ಎಲ್ಲಾ ಎಲ್ಲೋಯ್ತು ಅಂತ ಗೊತ್ತಾಯ್ತದೆ."

ಹಿರಿಯರಲ್ಲಿ ಹಿರಿಯ ಹಾಬ್ ಅವಳ ಮುಖ ನೋಡಿದ, ಪುಸ್ತಕ ಮುಟ್ಟಿದ. "ಥರ್ಸ್ಟನ್ನೇ" ಎಂದ. ಉಳಿದ ಹನ್ನೊಂದು ಜನವೂ ಹಾಗೇ ಎಂದರು. ಸರ್ ವಾರಿನ್ ಮಂಡಿಯೂರಿ, "ನಾನು ಜೀತದವನು. ನನ್ನ ಹೊಟ್ಟೆ ಬಿಟ್ಟರೆ ನನ್ನದು ಅಂತ ಏನೂ ಇಲ್ಲ" ಎಂದು ಒಂದಕ್ಷರ ತಪ್ಪದೆ ಒಪ್ಪಿಸಿದ. ಎಷ್ಟು ಜನರ ಬಾಯಲ್ಲಿ ಹೇಳಿಸಿದ್ದನೋ ಪುಣ್ಯಾತ್ಮ, ಬಾಯಿಪಾಠವಾಗಿತ್ತು.

ಹತ್ತು ದಿನ ಅಗೆದ. ಹನ್ನೊಂದನೆಯ ದಿನ ರಾಜನ ಸೈನ್ಯ ಬಂತು, ಶತ್ರುಗಳು ಓಡಿದರು, ಸರ್ ವಾರಿನ್ ಮೈತೊಳೆದುಕೊಂಡು ಮತ್ತೆ ಒಡೆಯನಾದ. ನಿಷ್ಠರಿಗೆ ಜಮೀನು ಮರಳಿಸಲು ರಾಜನ ಅಧಿಕಾರಿ ಬಂದ. "ಆ ಹತ್ತೂ ದಿನ ನದಿಯಾಚೆ ರಾಜರ ಬಾವುಟದಡಿ ಕಾದಾಡುತ್ತಿದ್ದೆ" ಎಂದು ಸರ್ ವಾರಿನ್ ಎದೆಯುಬ್ಬಿಸಿ ಹೇಳುತ್ತಿರುವಾಗಲೇ ಒಸ್ಬರ್ಟ್ ಗುನಿಲ್ಡಾಳ ಹಸುವನ್ನು ಚಾವಡಿಗೆ ಎಳೆದು ತಂದ. ಹಿಂದೆಯೇ ಅವಳೂ ಓಡಿಬಂದಳು.

"ಆಣೆ ಮಾಡಿದ್ರಲ್ಲ ಬುದ್ಧಿ?"

"ಯಾವ ಆಣೆಯೇ? ತಲೆ ಕೆಟ್ಟ ಮುಂಡೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ತೆರೆಯುವಷ್ಟರಲ್ಲಿ ಹಾಬ್ ಕೆಮ್ಮುತ್ತ ಎದ್ದ.

"ಒಂದ್ ಮಾತು ಸ್ವಾಮಿ. ಸಾವಿನ ಕಾಣಿಕೆ ತಗಬೇಕು ಅಂದ್ರೆ ಮನುಷ್ಯ ಸತ್ತಿರಬೇಕಲ್ವಾ? ಥರ್ಸ್ಟನ್ ಬದುಕವ್ನೆ ಅಂತ ನಾವ್ ಹನ್ನೆರಡು ಜನ ಮೊನ್ನೆ ಇದೇ ಜಾಗದಾಗೆ ಪುಸ್ತಕ ಮುಟ್ಟಿ ಹೇಳಿದ್ವಿ. ಇಲ್ಲಿ ಮಂಡಿಯೂರಿ ನಾನು ಜೀತದೋನು ಅಂದೋನು ಅವನೇ ಆದ್ರೆ ಹಸು ಕೇಳಂಗಿಲ್ಲ. ಅವನಲ್ಲ ಅಂದ್ರೆ, ಮತ್ಯಾರು ಅಂತ ಹೇಳಬೇಕಾಯ್ತದೆ."

ಅಧಿಕಾರಿ ಮುಂದಕ್ಕೆ ಬಾಗಿದ. "ಯಾರವನು?"

"ಒಡೇರನ್ನೇ ಕೇಳಿ ಸ್ವಾಮಿ," ಎಂದಳು ಗುನಿಲ್ಡಾ. "ಅವರಿಗೆ ಚೆನ್ನಾಗಿ ಗೊತ್ತು."

ಸರ್ ವಾರಿನ್ನನ ಕಿವಿ ಕೆಂಪಗಾಯಿತು. "ಥರ್ಸ್ಟನ್," ಎಂದು ಗೊಣಗಿದ.

"ಕೇಳಿಸಲಿಲ್ಲ," ಎಂದ ಅಧಿಕಾರಿ.

"ಥರ್ಸ್ಟನ್ನೇ. ಬದುಕಿದ್ದಾನೆ. ಬಿಡೋ ಹಸುವನ್ನ."

ಚಾವಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಸ್ಬರ್ಟನಿಗೆ ಉರಿದುಹೋಯಿತು. "ಬದುಕಿದ್ರೆ ಸೋಮವಾರ ನಿನ್ ಗಂಡನ್ನ ಕೆಲಸಕ್ಕೆ ಕಳಿಸು. ಬರ್ಲಿಲ್ಲ ಅಂದ್ರೆ ಗುಡಿಸ್ಲು ಕಿತ್ತಾಕ್ತೀನಿ."

ಗುನಿಲ್ಡಾ ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. "ನಾನೆಲ್ಲಿಂದ ಕಳಿಸ್ಲಿ? ಅವನು ನಿಮ್ ಕೆಲಸಕ್ಕೋದೋನು ಮನೆಗೇ ಬಂದಿಲ್ಲ. ನಿಮ್ ಗೋಡೆ ಕೆಳಗೇ ಅವ್ನೆ. ಮಣ್ಣು ತೆಗೆದು ನೀವೇ ಎಬ್ಬಿಸ್ಕಳಿ."

ನಗು ನಿಂತಿತು. ಅವಳು ಹಸು ಹೊಡೆದುಕೊಂಡು ಹೊರಟಳು. ಹಾಬ್ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಕೋಟೆಯ ಗೋಡೆಯ ಕಡೆ ನಡೆದ. ಹನ್ನೊಂದು ಜನ ಅವನ ಹಿಂದೆ ಹೋದರು.