ಮಗ್ಗುಲು ಬದಲಿಸುವ ಕೆಲಸ

ಅಕ್ಕನ ಸೊಂಟದ ಪಟ್ಟಿ ಬಿಗಿಯುತ್ತಲೇ ಪಶುವೈದ್ಯೆಯಾದ ತಂಗಿ ಸುದ್ದಿ ಹೇಳಿದಳು. "ಇವತ್ತು ಪ್ರಯೋಗಕ್ಕೆ ಅಂತ ಕುರಿ ಮೂಳೆಗೆ ಹಾಕೋ ಪಿಂಗಾಣಿ ತುಂಡು ಯಾರು ಮಾಡಿದ್ದು ಗೊತ್ತಾ? ನಿನ್ನ ಗಂಡ ಅನ್ನಿಸಿಕೊಂಡಿದ್ದನಲ್ಲ, ಆ ಮಹಾನುಭಾವ."

"ಬೆನ್ನುಮೂಳೆಗಾ?" ಎಂದಳು ಅಕ್ಕ.

"ಹೂಂ, ಬೆನ್ನುಮೂಳೆಗೇ. ನಾಚಿಕೆಯಾದ್ರೂ ಬೇಡ್ವಾ ಆ ಮನುಷ್ಯನಿಗೆ!"

"ಅವನ ಗೊಡವೆ ನಮಗ್ಯಾಕೆ? ನೀನು ನಿನ್ನ ಕೆಲಸ ನೋಡು."

ತಂಗಿ ಪಟ್ಟಿಯ ಕೊನೆಯ ಕೊಕ್ಕೆ ಸಿಕ್ಕಿಸಿದಳು. ಹಿಂದೆ ಬೆನ್ನುಮೂಳೆಗೆ ಸೋಂಕು ತಗುಲಿ ಅಕ್ಕ ಹಾಸಿಗೆ ಹಿಡಿದಾಗ, ಭಾವ ಕೆಲಸದ ನೆಪ ಹೇಳಿ ಊರು ಬಿಟ್ಟಿದ್ದ. ಆಮೇಲೆ ಬಂದದ್ದು ವಿಚ್ಛೇದನದ ಕಾಗದ ಮಾತ್ರ. ಮೈ ಇನ್ನಷ್ಟು ಹುಣ್ಣಾಗದಂತೆ ಅಕ್ಕನನ್ನು ಹಗಲೂ ರಾತ್ರಿ ಮಗ್ಗುಲು ಬದಲಿಸಿ ಮಲಗಿಸಿದವಳು ಇವಳು. ಅವನನ್ನು ನೆನೆದರೇ ಮೈ ಉರಿಯುತ್ತಿತ್ತು. ಈಗ ಅವನು ತಾನಾಗಿಯೇ ಕೈಗೆ ಸಿಕ್ಕಿದ್ದ.

ಅವನನ್ನು ಮುಗಿಸುವುದು ಸುಲಭವಿತ್ತು. ಮೈತುಂಬ ಸಣ್ಣ ರಂಧ್ರಗಳಿರುವ ಆ ಬಿಳಿ ತುಂಡು ಮೂಳೆಯಲ್ಲಿ ಕೊರೆದ ಗುಳಿಗೆ ಬಿಗಿಯಾಗಿ ಕೂತರೆ, ರಂಧ್ರಗಳೊಳಗೆ ಹೊಸ ಮೂಳೆ ಬೆಳೆಯುತ್ತದೆ. ಅಳತೆಗೆ ತರುವಾಗ ತುಂಡನ್ನು ಅರದಿಂದ ಒಂದಿಷ್ಟು ಹೆಚ್ಚು ಉಜ್ಜಿ ಸಡಿಲ ಮಾಡಿದರೆ ಮೂಳೆ ಕೂಡುವುದಿಲ್ಲ. ತಪ್ಪೆಲ್ಲ ಪಿಂಗಾಣಿಯ ತಲೆಗೆ ಬರುತ್ತದೆ, ಭಾವನ ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತದೆ.

ಆಪರೇಷನ್ ಕೋಣೆಯಲ್ಲಿ ಅವಳು ಹಾಗೆಯೇ ಉಜ್ಜಿದಳು. ಗುಳಿಯಲ್ಲಿಟ್ಟು ಚಿಮುಟದಿಂದ ಮುಟ್ಟಿದರೆ ತುಂಡು ಅಲುಗಾಡಿತು. ಅವಳಿಗೆ ಹೊಟ್ಟೆ ತಣ್ಣಗಾದಂತಾಯಿತು. ಇನ್ನು ಹೊಲಿಗೆ ಹಾಕುವುದಷ್ಟೇ.

ಕಣ್ಣು ಕುರಿಯ ಬೋಳಿಸಿದ ಬೆನ್ನಿನ ಮೇಲೆ ಬಿತ್ತು. ಉಸಿರಾಡಿದಾಗ ಅದು ಮೆಲ್ಲಗೆ ಏರಿ ಇಳಿಯುತ್ತಿತ್ತು. ತುಂಡು ಸರಿದು ನರ ಒತ್ತಿದರೆ ಹಿಂಗಾಲು ಬಿದ್ದುಹೋಗುತ್ತದೆ, ಮಲಗಿದಲ್ಲೇ ಮೈ ಹುಣ್ಣಾಗುತ್ತದೆ. ಅಕ್ಕನ ಬೆನ್ನಿನ ಹುಣ್ಣು ತೊಳೆದ ಕೈ ಇದೇ. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇದು ಹಾಳಾಯ್ತು. ಇನ್ನೊಂದು ತುಂಡು ಕೊಡಿ," ಎಂದಳು ನರ್ಸಿಗೆ.

ಎರಡನೆಯದನ್ನು ಹದವಾಗಿ ಉಜ್ಜಿ ಒತ್ತಿದಳು. ಅದು ಗಟ್ಟಿಯಾಗಿ ಕೂತಿತು. ಚಹಾದಲ್ಲಿ ಅದ್ದಿದ ರಸ್ಕಿನಂತೆ ರಕ್ತ ಹೀರಿಕೊಂಡು ಕೆಂಪಾಯಿತು.

ಕುರಿಯನ್ನು ದೊಡ್ಡಿಯಲ್ಲಿ ಮಲಗಿಸಿದಾಗ ಭಾವ ಬಾಗಿಲಲ್ಲೇ ನಿಂತಿದ್ದ. "ಚೆನ್ನಾಗಿ ಕೂತಿದೆಯಂತೆ. ತುಂಬಾ ಉಪಕಾರ ಆಯ್ತು."

"ಮೊದಲನೇ ತುಂಡನ್ನ ಬೇಕಂತಲೇ ಕೆಡಿಸಿದೆ," ಎಂದಳು ಅವಳು. "ನಿಮ್ಮನ್ನ ಮುಳುಗಿಸಬೇಕು ಅಂತಿದ್ದೆ. ಕುರಿ ಮುಖ ನೋಡಿ ಬಿಟ್ಟೆ."

ಅವನ ಮುಖ ಬಿಳಿಚಿತು. "ಮುಳುಗಿಸಬಹುದಿತ್ತು. ನಿಮ್ಮಕ್ಕನ ನರಳಾಟ ಕೇಳೋಕಾಗದೆ ಹೆದರಿ ಓಡಿದೋನು ನಾನು. ಆದ್ರೆ ಈ ಕೆಲಸ ಹಿಡಿದದ್ದು ಅವಳಿಗೋಸ್ಕರಾನೇ."

"ಅವಳಿಗೆ ಆಗ ಬೇಕಾಗಿದ್ದು ಎರಡು ಕೈ."

ಕುರಿ ನರಳಿತು. ಅವನು ಹಿಂದೆ ಸರಿದ. ಅವಳು ಮಡಿಸಿದ ಟವೆಲನ್ನು ಅವನ ಎದೆಗೇ ಒತ್ತಿದಳು. "ಎಲ್ಲಿಗೆ? ಬನ್ನಿ, ಮಗ್ಗುಲು ಬದಲಿಸಬೇಕು."

ಅವನು ಮಂಡಿಯೂರಿ ಕುರಿಯ ಭುಜ ಹಿಡಿದು ಎಳೆದ.

"ಹಾಗಲ್ಲ! ಭುಜ, ಸೊಂಟ ಎರಡೂ ಒಟ್ಟಿಗೆ ತಿರುಗಬೇಕು. ಬೆನ್ನು ತಿರುಚಬಾರದು."

ಕುರಿಯ ಉಚ್ಚೆ ಅವನ ಪ್ಯಾಂಟನ್ನು ತೋಯಿಸಿತು. ಆದರೂ ಅವನು ಕೈ ಬಿಡಲಿಲ್ಲ. ಮೆಲ್ಲಗೆ ಹೊರಳಿಸಿ, ಬೆನ್ನಿಗೆ ಟವೆಲು ಆನಿಸಿ, ತಲೆಯೆತ್ತಿದ.

"ಮತ್ತೆ ಯಾವಾಗ ಬದಲಿಸಬೇಕು?"

ಅಕ್ಕ ಮಲಗಿದ್ದಷ್ಟು ಕಾಲವೂ ಅವನು ಒಮ್ಮೆಯೂ ಕೇಳದಿದ್ದ ಪ್ರಶ್ನೆ ಅದು.