ಹಂಡೆಯ ಫಿರ್ಯಾದು

ಗಂಡ ಪೊಲೀಸ್ ಇಲಾಖೆಯಲ್ಲಿದ್ದಾರೆ ಅಂದ ತಕ್ಷಣ ಜನ ಖಾಕಿ, ಲಾಠಿ, ಮೀಸೆ ಅಂದುಕೊಳ್ಳುತ್ತಾರೆ. ನಮ್ಮ ಯಜಮಾನರು ಚೆಲುವರಾಜು ಅಲ್ಲಿ ಟೈಪು ಹೊಡೆಯುವ ಗುಮಾಸ್ತರು. ಲಷ್ಕರ್ ಮೊಹಲ್ಲಾದ ನಮ್ಮ ವಠಾರದವರಿಗೆ ಈ ವ್ಯತ್ಯಾಸ ತಲೆಗೆ ಹೋಗುತ್ತಿರಲಿಲ್ಲ. ಛತ್ರಿ, ಊಟದ ಡಬ್ಬಿ ಹಿಡಿದು ಅವರು ಹೊರಟರೆ ನಲ್ಲಿ ಹತ್ತಿರ ಜಗಳವಾಡುತ್ತಿದ್ದವರು ಗಪ್‌ಚಿಪ್. ಬೀದಿನಾಯಿ ಕಂಡರೆ ಈ ಮನುಷ್ಯ ರಸ್ತೆ ದಾಟುತ್ತಾರೆ ಅನ್ನುವುದು ನನಗೊಬ್ಬಳಿಗೇ ಗೊತ್ತು.

ಠಾಣೆಗಳಿಂದ ಬರುವ ಕಳವಿನ ವರದಿಗಳನ್ನೆಲ್ಲ ಸೇರಿಸಿ ತಿಂಗಳ ಕೊನೆಗೆ ಒಂದು ದೊಡ್ಡ ಪಟ್ಟಿ ಮಾಡುವುದು ಅವರ ಕೆಲಸ. ಅದರ ಕೊನೆಯ ಕಾಲಂ 'ಪತ್ತೆಯಾಗದ ಕಳವು'. ಐವತ್ತೆಂಟನೇ ಇಸವಿಯಲ್ಲಿ ನಮ್ಮ ಭಾಗದ ಠಾಣೆಗೆ ಅಲ್ಲಿ ಸತತ ಮೂರು ತಿಂಗಳು ಸೊನ್ನೆ ಬಿದ್ದಿತ್ತು. ಸಾಹೇಬರು ಭೇಷ್ ಅಂದರಂತೆ. ಕಳ್ಳರನ್ನು ಹಿಡಿದವರು ಯಾರೋ, ಬೀಗಿದವರು ನಮ್ಮವರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಕಾಗದವೂ ಸಾಹೇಬರ ಮೇಜಿನ ಮೇಲೇ ಇತ್ತು.

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಇಲ್ಲ! ನನ್ನ ತಾಯಿ ದೇವಿರಮ್ಮ ಮದುವೆಯಲ್ಲಿ ಕೊಟ್ಟ ಹಂಡೆ, ಕಂಠದ ಮೇಲೆ ಅವಳ ಹೆಸರು ಕೆತ್ತಿಸಿತ್ತು. ಅವಳು ಸತ್ತ ಮೇಲೆ ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಅಳುತ್ತಲೇ ಅವರನ್ನು ಎಬ್ಬಿಸಿದೆ.

ಅವರು ಎದ್ದವರೇ ಗೋಡೆಯ ಕ್ಯಾಲೆಂಡರ್ ನೋಡಿದರು. "ಈ ತಿಂಗ್ಳು ಬ್ಯಾಡ ಕಣೇ ಮಂಗಳ. ಇನ್ನು ನಾಕೇ ದಿವ್ಸ. ಒಂದನೇ ತಾರೀಕು ಕಳುವಾಯ್ತು ಅಂತ ಬರೆಸ್ಬುಡಾಣ."

"ಅಲ್ಲೀ ತನಕ ಕಳ್ಳ ಹಂಡೆ ಇಟ್ಕೊಂಡು ಕೂತಿರ್ತಾನಾ?"

"ಎಂಗೂ ಹೋಗಿದೆ ತಾನೆ? ಒಂದು ಹಂಡೆಗೋಸ್ಕರ ಸೊನ್ನೆ ಹಾಳ್ಮಾಡ್ಬ್ಯಾಡ."

ಹಲ್ಲು ಕಚ್ಚಿಕೊಂಡು ಕಾದೆ. ಒಂದನೇ ತಾರೀಕು ಬಂತು. "ತಿಂಗ್ಳ ಮೊದಲ್ನೇ ದಿನಾನೇ ಯಾಕೆ ಅಪಶಕುನ? ಇನ್ನೆರಡು ದಿನ ನೋಡಾಣ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಠಾಣೆಗೆ ನಡೆದೆ.

ದಫೇದಾರ್ ನಿಂಗಯ್ಯ ಬರೆದುಕೊಳ್ಳುತ್ತ ಗಂಡನ ಹೆಸರು ಕೇಳಿದರು. ಆ ಕಾಲದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದೆಂತು? "ನಿಮ್ಮ ದೊಡ್ಡ ಕಚೇರೀಲಿ ಕಳವಿನ ಪಟ್ಟಿ ಮಾಡ್ತಾರಲ್ಲ, ಅವ್ರು" ಅಂದೆ. ನಿಂಗಯ್ಯ ಪೆನ್ನು ಕೆಳಗಿಟ್ಟರು.

"ಬ್ಯಾಡಿ ಅಮ್ಮಾವ್ರೆ. ಈ ಫಿರ್ಯಾದು ಅವ್ರ ಮೇಜಿಗೇ ಹೋಯ್ತದೆ. ಒಂದು ಕಳ್ತನಕ್ಕೆ ಹತ್ತು ಪ್ರಶ್ನೆ ಕೇಳಿ ಮೆಮೊ ಕಳಿಸ್ತಾರೆ. ಕಳ್ಳನ್ನಾದ್ರೂ ಸಂಭಾಳಿಸ್ಬೋದು, ಅವ್ರನ್ನ ಆಗಕಿಲ್ಲ."

"ಬರ್ಕೊಳ್ಳಿ" ಅಂದೆ. ಕಳವಾದದ್ದು ಇಪ್ಪತ್ತೇಳನೇ ತಾರೀಕು ಅಂತಲೇ ಬರೆಸಿದೆ.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ನಿಂಗಯ್ಯನೇ ನಮ್ಮ ಮನೆಗೆ ಮೆಮೊ ತಂದರು. 'ಫಿರ್ಯಾದಿ ಮಂಗಳಮ್ಮನವರು ನಾಲ್ಕು ದಿನ ತಡಮಾಡಿ ದೂರು ಕೊಟ್ಟದ್ದೇಕೆ? ಲಿಖಿತ ಸಮಜಾಯಿಷಿ ಕೊಡತಕ್ಕದ್ದು.' ಕೆಳಗೆ ನಮ್ಮವರ ಪುಟಾಣಿ ರುಜು. ರುಜು ಹಾಕಿದ ಪುಣ್ಯಾತ್ಮರು ನನ್ನೆದುರಿಗೇ ಕೂತು ಮುದ್ದೆ ನುಂಗುತ್ತಿದ್ದರು.

"ಏನ್ರೀ ಇದು? ಕಾರಣ ನಿಮಗೆ ಗೊತ್ತಿಲ್ವಾ?"

"ಗೊತ್ತಿರೋದು ಬೇರೆ, ಕಡತದಲ್ಲಿರೋದು ಬೇರೆ ಕಣೇ" ಅಂತ ಕೈ ತೊಳೆದು ಕಚೇರಿಗೆ ಹೊರಟೇಬಿಟ್ಟರು.

ಕಡತದಲ್ಲೇ ಇರಲಿ ಅಂತ ನಾನೂ ಬರೆದೆ. ಸೊನ್ನೆ ಕೆಡಬಾರದೆಂದು ನನ್ನ ಯಜಮಾನರೇ ತಡೆದರು, ತಾರೀಕು ಬದಲಾಯಿಸಲೂ ಹೇಳಿದರು ಅಂತ ಒಂದಕ್ಷರ ಬಿಡದೆ ಬರೆದು, ಜಗಲಿಯಲ್ಲಿ ಕಾದಿದ್ದ ನಿಂಗಯ್ಯನ ಕೈಗಿತ್ತೆ. ಸೈಕಲ್ಲು ಬೀದಿ ತಿರುಗಿದ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು. ಅದು ಸಾಹೇಬರ ಕಣ್ಣಿಗೆ ಬಿದ್ದರೆ ಕಾಯಂ ಆಗುವ ಮಾತಿರಲಿ, ಇದ್ದ ನೌಕರಿಯೂ ಉಳಿಯುವುದಿಲ್ಲ. ಅವತ್ತು ಮತ್ತೆ ಒಲೆ ಹಚ್ಚಲಿಲ್ಲ.

ಸಂಜೆ ಅವರು ಸಪ್ಪೆ ಮುಖ ಹೊತ್ತು ಬಂದರು. "ಸಾಹೇಬರ ಮುಂದೆ ಇಟ್ಟೆ. ಮೊದ್ಲು ಬೈದ್ರು. ಇನ್ನೊಂದ್ಸಲ ಓದಿ ನಕ್ಬುಟ್ರು. ಕಾಯಂ ಮಾಡೋದು ಒಂದು ವರ್ಷ ಮುಂದಕ್ಕೆ ಹೋಯ್ತು. ಸೊನ್ನೆ ಹೊಡೆದಾಕಿ ಒಂದು ಅಂತ ಬರೆದೆ."

"ಹರಿದು ಹಾಕಬಾರದಿತ್ತಾ ಅದನ್ನ?"

"ಹರಿಯಕ್ಕಾಯ್ತದಾ? ಬಂದ ಕಾಗದ ಬರ್ಕೊಳ್ಳೋ ಟಪ್ಪಾಲು ಪುಸ್ತಕದಲ್ಲಿ ನಂಬರು ಬಿದ್ದಿತ್ತು. ನಂಬರು ಬಿದ್ದ ಕಾಗದ ಯಾರೂ ಮುಟ್ಟಂಗಿಲ್ಲ."

'ನಿನಗೋಸ್ಕರ ಹರೀಲಿಲ್ಲ ಕಣೇ' ಅಂತಾರೇನೋ ಅಂತ ಕಾದಿದ್ದೆ. ಹೆಂಡತಿಗಿಂತ ನಂಬರು ಹೆಚ್ಚಾಯಿತಲ್ಲ ಅಂತ ಮೈಯೆಲ್ಲ ಉರಿಯಿತು. ವಾರ ಮಾತು ಬಿಟ್ಟೆ.

ಹಂಡೆ ಪತ್ತೆಯಾಗಲಿಲ್ಲವೆಂದು ಸಾಹೇಬರ ಕೈಲಿ ಬೈಸಿಕೊಂಡ ನಿಂಗಯ್ಯ ಊರಿನ ಪಾತ್ರೆ ಅಂಗಡಿಗಳನ್ನೆಲ್ಲ ಜಾಲಾಡಿ, ನನ್ನ ತಾಯಿಯ ಹೆಸರು ನೋಡಿ ಹಂಡೆ ಹಿಡಿದುಬಿಟ್ಟರು. ಕರೆದಾಗ ಕೋರ್ಟಿಗೆ ತರುತ್ತೇನೆ ಅಂತ ರಸೀತಿಗೆ ನನ್ನ ರುಜು ಹಾಕಿಸಿಕೊಂಡು ಹಂಡೆ ಜಗಲಿ ಮೇಲಿಟ್ಟರು. ಕಣ್ಣೀರು ಒರೆಸಿಕೊಳ್ಳುತ್ತಲೇ ಕೊಂಕು ತೆಗೆದೆ: "ನಂಬರಿನಿಂದ ಸಿಕ್ತು ಬಿಡಿ. ನಂಬರು ಬೀಳದಿದ್ರೆ ನಿಮ್ಮ ಗುಮಾಸ್ತರು ನನ್ನ ಕಾಗದ ನುಂಗ್ಬುಡೋರು."

ನಿಂಗಯ್ಯ ನನ್ನ ಮುಖವನ್ನೇ ನೋಡಿದರು. "ನಂಬರು ಹಾಕೋರು ಯಾರು ಅಂತಿದ್ದೀರ? ಅವ್ರೇ ಕಣಮ್ಮ. ಅವತ್ತು ಕಾಗದ ನಾನೇ ಅವ್ರ ಕೈಗೆ ಕೊಟ್ಟೆ. ಜೇಬಿಗಾಕ್ಕೊಳ್ಳಿ ಸ್ವಾಮಿ, ನಾನು ಕಂಡಿಲ್ಲ ಅಂದೆ. ಓದಿದ್ರು. 'ಅವಳ ತಾಯಿ ಹಂಡೆ ಕಣಯ್ಯ' ಅಂದು ನಂಬರು ಹಾಕ್ಬುಟ್ರು."

ಸಂಜೆ ಬಂದವರು ಹಂಡೆಯ ಕಡೆ ತಿರುಗಿಯೂ ನೋಡಲಿಲ್ಲ. "ರಸೀತೀಲಿ ತಾರೀಕು ಸರಿಯಾಗಿ ಹಾಕಿದ್ಯಾ?" ಅಂದರು.

"ಹಾಕಿದೀನಿ ಕಣ್ರೀ" ಅಂದೆ. ಬೈಯುವುದಕ್ಕೆ ಮನಸ್ಸೇ ಬರಲಿಲ್ಲ.